ಒಬ್ಬಳೇ ಒಂದು ಸುತ್ತು

ನವೆಂಬರ್ 9, ಭಾನುವಾರ

ಚಿಕಾಗೊ ಬಳಿಯ ಲೆಮಾಂಟ್ ದೇವಸ್ಥಾನದ ಊಟದ ಮನೆಯಲ್ಲಿ ಲತಾಶ್ರೀ ತನ್ನ ಫೋನನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. "ವಾಣಿಶ್ರೀ, ಇದು ನಿಮ್ಮ ಅನು ಅಲ್ವಾ?"

ಅನುವೇ. ಐಸ್ ಹಾಕಿ ಆಡುವ ರಿಂಕ್‌ನ ನಡುವೆ, ಐಸ್ ಮೇಲೆ ಮೊಣಕಾಲೂರಿದ್ದಾಳೆ. ಹಾಕಿ ಉಡುಪಿನ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಕಣ್ಣಿಗೆ ಈಜುವವರ ಗಾಗಲ್ಸ್. ಕೈಯಲ್ಲಿ ಕೆಂಪು ಪ್ಲಾಸ್ಟಿಕ್ ಬಕೆಟ್ಟು, ಮಕ್ಕಳು ಬೀಚಿನಲ್ಲಿ ಮರಳು ತುಂಬಿ ಆಡುವಂಥದ್ದು. ಅಭ್ಯಾಸ ಮುಗಿದ ಮೇಲೆ ಚದುರಿಬಿದ್ದ ಪಕ್‌ಗಳನ್ನು, ಆ ಕಪ್ಪು ರಬ್ಬರಿನ ಬಿಲ್ಲೆಗಳನ್ನು, ಆರಿಸಿ ತುಂಬುತ್ತಿದ್ದಾಳೆ. ಹಿಂದೆ ಬೆಂಚಿನ ಮೇಲೆ ಸಾಲಾಗಿ ಕೂತ ಹಿರಿಯ ಆಟಗಾರ್ತಿಯರು ನಗುತ್ತಿದ್ದಾರೆ. ತಂಡದವರೇ ಜಾಲತಾಣದಲ್ಲಿ ಹಾಕಿದ ಚಿತ್ರ.

"ಸೋ ಕ್ಯೂಟ್ ಅಲ್ವಾ?" ಅಂದಳು ಲತಾಶ್ರೀ. ನನ್ನ ಮುಖ ನೋಡಿ, "ಅಲ್ಲ, ರ‍್ಯಾಗಿಂಗ್ ಥರ ಏನೂ ಇರಲ್ಲ ಬಿಡಿ," ಎಂದು ತಾನೇ ಆ ಪದವನ್ನು ಎತ್ತಿಬಿಟ್ಟಳು.

ಅರೋರಾಕ್ಕೆ ವಾಪಸು ಬರುವಾಗ ಗಂಡ ಗುರುಸಿದ್ದ ಡ್ರೈವ್ ಮಾಡುತ್ತ, "ಆಟದಾಗ ಇದೆಲ್ಲಾ ಇರ್ತದ ತಗೋ," ಎಂದರು. ಸೆಪ್ಟೆಂಬರಿನಲ್ಲಿ ಡೆಟ್ರಾಯಿಟ್ ಹೊರವಲಯದ ಹೆರನ್ಸ್ ತಂಡ ಮಗಳನ್ನು ಮೀಸಲು ಆಟಗಾರ್ತಿಯಾಗಿ ತೆಗೆದುಕೊಂಡಾಗ ಇಡೀ ಬಡಾವಣೆಗೆ ಪೇಡೆ ಹಂಚಿದವರು ಅವರು. ಈ ದೇಶದಲ್ಲಿ ಐಸ್ ಹಾಕಿ ಆಡಿ ಸಂಬಳ ಪಡೆಯುವ ಹೆಣ್ಣುಮಕ್ಕಳೇ ಕಡಿಮೆ, ಅದರಲ್ಲಿ ನಮ್ಮವಳೊಬ್ಬಳು ಎಂಬ ಹೆಮ್ಮೆಯಲ್ಲಿ ಅವರಿಗೆ ಬಕೆಟ್ಟು ಕಾಣಲಿಲ್ಲ.

ನವೆಂಬರ್ 11, ಮಂಗಳವಾರ

ಅನುವಿಗೆ ಫೋನ್ ಮಾಡಿದೆ.

"ಆ ಬಕೆಟ್ಟು ಏನು?"

"ಓ ಗಾಡ್. ಮಾಮ್, ಇಟ್ಸ್ ಎ ರೂಕಿ ಥಿಂಗ್."

ಹೊಸಬರು ಪಕ್ ಆರಿಸಬೇಕು. ಹಿರಿಯರ ಚೀಲಗಳನ್ನು ಬಸ್ಸಿಗೆ ಏರಿಸಬೇಕು. ಬಸ್ಸಿನಲ್ಲಿ ಎದ್ದು ನಿಂತು ಹಾಡಬೇಕು. ಎಲ್ಲರ ಊಟವಾದ ಮೇಲೆ ಉಣ್ಣಬೇಕು. ಇಷ್ಟನ್ನೂ ಅವಳು ನಗುತ್ತಲೇ ಹೇಳಿದಳು.

"ಯಾಕ ಮಾಡಬೇಕು?"

"ಐ ಡೋಂಟ್ ನೋ. ಅವ್ರೂ ಮಾಡ್ಯಾರ, ಅದಕ್ಕ."

ಬೇರೆ ದೇಶದ ಕಾದಂಬರಿಯನ್ನು ಅನುವಾದದಲ್ಲಿ ಓದುವಾಗ ಅರ್ಥವಾಗದ ಪದ್ಧತಿ ಎದುರಾದರೆ ನಾನು ಆತುರಪಡುವುದಿಲ್ಲ. ಅಡಿಟಿಪ್ಪಣಿ ಇಲ್ಲದಿದ್ದರೂ ನಾಲ್ಕು ಪುಟ ಮುಂದೆ ಹೋದರೆ ತಾನೇ ತಿಳಿಯುತ್ತದೆ ಎಂಬ ನಂಬಿಕೆ. ಇಲ್ಲಿ ಆ ತಾಳ್ಮೆ ಬರುತ್ತಿಲ್ಲ. ಯಾಕೆಂದರೆ ಈ ಮಾತನ್ನು ನಾನು ಮೊದಲೇ ಕೇಳಿದ್ದೇನೆ. "ಎಲ್ಲಾರಿಗೂ ಮಾಡ್ತಾರಕ್ಕಾ," ಎಂದಿದ್ದ ನನ್ನ ತಮ್ಮ ರವಿ, ಎಂಜಿನಿಯರಿಂಗ್ ಹಾಸ್ಟೆಲ್ ಸೇರಿದ ಮೊದಲ ವಾರ. ಅವನೂ ನಗುತ್ತಲೇ ಹೇಳಿದ್ದ. ತಿಂಗಳೊಳಗೆ ಟ್ರಂಕು ಹೊತ್ತು ಗದಗಿಗೆ ವಾಪಸು ಬಂದ, ತಲೆಯನ್ನು ಅರ್ಧ ಬೋಳಿಸಿದ್ದರು. ಅಪ್ಪ, "ದೊಡ್ಡ ಹುಡುಗರು ನಾಕ ದಿನ ಕಾಡ್ತಾರ, ತಡಕೋಬೇಕು," ಎಂದರು. ವಾರ್ಡನ್ನನ್ನು ಕೇಳಲು ಯಾರೂ ಹೋಗಲಿಲ್ಲ. ರವಿ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಬೀದಿಯಲ್ಲಿ ಯಾರಾದರೂ ಜೋರಾಗಿ ನಕ್ಕರೆ ಇವತ್ತಿಗೂ ತಿರುಗಿ ನೋಡುತ್ತಾನೆ.

ನವೆಂಬರ್ 13, ಗುರುವಾರ

ಹೆರನ್ಸ್ ಕಚೇರಿಗೆ ಫೋನ್ ಮಾಡಿದೆ. ಹೆಸರು ಹೇಳಲಿಲ್ಲ, ಒಬ್ಬ ಆಟಗಾರ್ತಿಯ ತಾಯಿ ಎಂದಷ್ಟೇ ಹೇಳಿದೆ. ಆ ಕಡೆಯ ಹೆಂಗಸು ಬಹಳ ಸೌಜನ್ಯದಿಂದ ಎಲ್ಲವನ್ನೂ ಬರೆದುಕೊಂಡಳು. 

ನವೆಂಬರ್ 20, ಗುರುವಾರ

ತಂಡದ ಜಾಲತಾಣದಿಂದ ಆ ಚಿತ್ರ ಹೋಗಿದೆ. ಹೊಸಬರಿಗೆಂದು ಪ್ರತ್ಯೇಕ ಕೆಲಸಗಳನ್ನು ಯಾರೂ ಹೇಳಕೂಡದೆಂದು ಕಚೇರಿ ಸೂಚನೆ ಕೊಟ್ಟಿದೆಯಂತೆ. ಅನು ಇದನ್ನು ಒಂದೇ ಸಾಲಿನ ಮೆಸೇಜಿನಲ್ಲಿ ತಿಳಿಸಿದಳು.

ಅಪ್ಪ ಮಾಡದೆ ಉಳಿಸಿದ ಒಂದು ಕೆಲಸ, ಒಂದು ಫೋನ್ ಕರೆಯಲ್ಲಿ ಮುಗಿಯಿತು.

ನನ್ನ ಪೆಥಾಲಜಿ ಲ್ಯಾಬಿನಲ್ಲಿ ಇಷ್ಟು ವರ್ಷಗಳಲ್ಲಿ ಕಲಿಯಲು ಬಂದ ಯಾವ ರೆಸಿಡೆಂಟ್ ವೈದ್ಯರಿಂದಲೂ ನಾನು ಒಂದು ಸ್ಲೈಡ್ ಟ್ರೇ ಎತ್ತಿಡಿಸಿಲ್ಲ. ನನ್ನ ಟ್ರೇ ನಾನೇ ಜೋಡಿಸುತ್ತೇನೆ. ಅವರು ತಮ್ಮಷ್ಟಕ್ಕೆ ಬರುತ್ತಾರೆ, ಕಲಿಯುತ್ತಾರೆ, ಹೋಗುತ್ತಾರೆ. ಎಷ್ಟೋ ಜನರ ಹೆಸರೂ ನೆನಪಿಲ್ಲ. ಗೌರವ ಎಂದರೆ ಇದೇ ಎಂದುಕೊಂಡಿದ್ದೇನೆ.

ನವೆಂಬರ್ 28, ಶುಕ್ರವಾರ

ಥ್ಯಾಂಕ್ಸ್‌ಗಿವಿಂಗಿಗೆ ಅನು ನಿನ್ನೆ ಬಂದಳು, ಇವತ್ತು ಮಧ್ಯಾಹ್ನವೇ ಹೊರಟಳು. ಊಟದ ಹೊತ್ತಿಗೆ ಅವರಪ್ಪನ ಪ್ರಶ್ನೆಗಳಿಗೆಲ್ಲ "ಗುಡ್," "ಫೈನ್" ಎಂದಳು. ಅವರು ಟಿವಿ ಮುಂದೆ ಕೂತ ಮೇಲೆ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತು ಪಾತ್ರೆ ಒರೆಸತೊಡಗಿದಳು.

"ಕಾಲ್ ಮಾಡಿದ್ದು ನೀನೇ ಹೌದಲ್ಲೋ?"

"ಹೌದು."

"ಐ ನ್ಯೂ ಇಟ್. ಎಲ್ಲಾರಿಗೂ ಗೊತ್ತದ. ಆ ಟೀಮಿನಾಗ ಮತ್ಯಾರ ಮಮ್ಮಿ ಆಫೀಸಿಗೆ ಕಾಲ್ ಮಾಡ್ತಾಳ? ಅದೇನ್ ಹಾಸ್ಟೆಲ್ ಅಂತ ತಿಳದಿಯೇನು? ಐ ಯಾಮ್ ಟ್ವೆಂಟಿ-ಥ್ರೀ. ದಟ್ಸ್ ಮೈ ಜಾಬ್."

"ಈಗ ಯಾರೂ ಕಾಡಂಗಿಲ್ಲಲ್ಲ."

"ಇಲ್ಲ. ಈಗ ಎಲ್ಲಾರೂ ನನಗ 'ಪ್ಲೀಸ್' ಅಂತಾರ." ತಟ್ಟೆಯನ್ನು ಒರೆಸುತ್ತಲೇ ಇದ್ದಳು, ಅದು ಆಗಲೇ ಒಣಗಿತ್ತು. "ನಾ ಒಳಗ ಹೋದ್ರ ಮಾತು ನಿಲ್ಲಸ್ತಾರ. ಸಿಟ್ಟಿಲ್ಲ ಅವ್ರಿಗೆ, ಹೆದರಿಕಿ. ಏನ್ ಅಂದ್ರ ಏನಾಗ್ತದೋ ಅಂತ. ಪ್ರಾಕ್ಟೀಸಿನಾಗ ಐಸ್ ಮ್ಯಾಲೂ ಹಂಗ. ಹಿಂದಿಂದ ಯಾರರೆ ನನ್ನ ಕಡೆ ಬಂದ್ರ ನಮ್ಮವ್ರು ಒದರಿ ಹೇಳ್ಬೇಕು. ಹೆಸರು ಹಿಡದು, ಬೈದು, ಹೆಂಗರೆ. ಈಗ ಯಾರೂ ಒದರಂಗಿಲ್ಲ. ಐ ಕಾಂಟ್ ಪ್ಲೇ ಲೈಕ್ ದಟ್."

ಮೀಸಲಿನಲ್ಲಿ ಮೂವರಿದ್ದಾರೆ. ವರ್ಷದ ಕೊನೆಗೆ ಒಬ್ಬಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಯಾರನ್ನು ಎಂದು ಕೋಚ್ ಕೇಳುವುದು ಕ್ಯಾಪ್ಟನ್ ಟ್ರೂಡಿ ಹಾಲ್ಮ್‌ಳನ್ನು. ಹದಿನೈದು ವರ್ಷದಿಂದ ಆಡುತ್ತಿರುವವಳು. ಆ ಚಿತ್ರದಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು.

"ಇನ್ನೊಂದು ಹೇಳ್ಲೇನು? ಫಸ್ಟ್ ಗೇಮ್ ದಿವಸ ರೂಕಿ ಲ್ಯಾಪ್ ಅಂತ ಇರ್ತದ. ವಾರ್ಮ್-ಅಪ್‌ಗೆ ಎಲ್ಲಾರೂ ಓಡಿಬರೋವಂಗ ಮಾಡಿ ಬಾಗಲದಾಗ ನಿಂತುಬಿಡ್ತಾರ. ಹೊಸಾಕಿ ಒಬ್ಬಾಕಿನೇ ಹೊರಗ ಬರ್ತಾಳ. ಇಡೀ ಐಸು ಆಕಿದು. ಒಂದು ಸುತ್ತು. ನಾ ಏಳು ವರ್ಷದಾಕಿ ಇದ್ದಾಗಿಂದ ಟಿವಿಯಾಗ ಅದನ್ನ ನೋಡಿ ನೋಡಿ..." ನಿಲ್ಲಿಸಿದಳು. "ಈಗ ಅದನ್ನೂ ಮಾಡಂಗಿಲ್ಲ. ಇಟ್ಸ್ ಫೈನ್. ನಾ ಆಡಿದ್ರಲ್ಲ ಅದು."

ಅದೂ ಒಂದು ಬಗೆಯ ಅವಮಾನವೇ ಅಲ್ಲವೇ ಎಂದು ಕೇಳಬೇಕೆಂದಿದ್ದೆ. ಅವಳ ಮುಖ ನೋಡಿ ಕೇಳಲಿಲ್ಲ.

ಡಿಸೆಂಬರ್ 3, ಬುಧವಾರ

ಆರು ಇಂಚು ಹಿಮ. ಅನುವಿನ ಫೋನ್ ಇಲ್ಲ.

ಡಿಸೆಂಬರ್ 8, ಸೋಮವಾರ

ಕೆಲಸಕ್ಕೆ ಹೋಗುವ ರೈಲಿನಲ್ಲಿ ಕಾದಂಬರಿಯ ಒಂದೇ ಪುಟವನ್ನು ಮೂರು ಸಲ ಓದಿದೆ. ಅನುವಾದ ಚೆನ್ನಾಗಿಲ್ಲ ಎಂದುಕೊಂಡು ಮುಚ್ಚಿದೆ. ಅನುವಾದ ಚೆನ್ನಾಗಿಯೇ ಇದೆ.

ರಾತ್ರಿ ಊಟಕ್ಕೆ ಕೂತಾಗ, ಶನಿವಾರ ಡೆಟ್ರಾಯಿಟ್‌ಗೆ ಹೋಗುತ್ತೇನೆ, ಆ ಟ್ರೂಡಿಯನ್ನು ಕಂಡು ಕ್ಷಮೆ ಕೇಳುತ್ತೇನೆ ಎಂದೆ. ಗುರುಸಿದ್ದ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಹೋಗಿ ಮತ್ತೊಂದೇನರೆ ಮಾಡಿಟ್ಟು ಬರಬ್ಯಾಡ." ಆಮೇಲೆ, "ಶೇಂಗಾದುಂಡಿ ಒಯ್ಯಿ. ಬರಿಗೈಲೆ ಹೋಗಬಾರ್ದು."

ಉಂಡಿ ಒಯ್ದರೆ ಲಂಚದಂತೆ ಕಾಣುತ್ತದೆ. ಬರಿಗೈಯಲ್ಲೇ ಹೋಗುತ್ತೇನೆ.

ಡಿಸೆಂಬರ್ 13, ಶನಿವಾರ, ಡೆಟ್ರಾಯಿಟ್ ಹೊರವಲಯದ ಮೋಟೆಲ್

ಮರೆಯುವ ಮೊದಲು ಕ್ರಮವಾಗಿ ಬರೆದಿಡಬೇಕು.

ದಾರಿಯುದ್ದಕ್ಕೂ ಮೂರು ವಾಕ್ಯಗಳನ್ನು ಸಿದ್ಧಪಡಿಸಿಕೊಂಡಿದ್ದೆ. ರಿಂಕ್ ತಲುಪುವ ಹೊತ್ತಿಗೆ ಅಭ್ಯಾಸ ಮುಗಿದಿತ್ತು. ಐಸ್ ಮೇಲೆ ಒಬ್ಬಳೇ ಒಬ್ಬಳು. ಎತ್ತರದ ಹೆಂಗಸು, ನರೆಗೂದಲಿನ ಜಡೆ, ಒಂದು ಮಂಡಿಗೆ ದಪ್ಪ ಪಟ್ಟಿ. ಬಗ್ಗಿ ಬಗ್ಗಿ ಪಕ್‌ಗಳನ್ನು ಆರಿಸಿ ಕೆಂಪು ಬಕೆಟ್ಟಿಗೆ ಹಾಕುತ್ತಿದ್ದಳು. ಪ್ರತಿ ಸಲ ಏಳುವಾಗಲೂ ಕೈಯನ್ನು ತೊಡೆಗೆ ಊರುತ್ತಿದ್ದಳು. ಚಿತ್ರದಲ್ಲಿ ನೋಡಿದ ಮುಖ. ಟ್ರೂಡಿ ಹಾಲ್ಮ್.

ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತರುವಾಗ ಅವಳ ಒರಟುತನ ಸ್ವಲ್ಪ ಸವೆದಿರಬಹುದು.

"ಪ್ರಾಕ್ಟೀಸ್ ಮುಗೀತು," ಎಂದಳು ತಲೆಯೆತ್ತದೆ.

"ನಾನು ಅನುವಿನ ತಾಯಿ."

ಈಗ ತಲೆಯೆತ್ತಿದಳು. "ಆಹಾ. ಫೋನ್ ಮಾಡಿದವರು."

ನಾನು ಮೊದಲ ವಾಕ್ಯ ಶುರುಮಾಡಿದೆ. ಅವಳು ಕೈಯೆತ್ತಿ ತಡೆದಳು. "ಒಂದು ನಿಮಿಷ. ನೀವು ಈ ತಂಡದಲ್ಲಿ ಇದ್ದೀರಾ?"

"ಇಲ್ಲ."

"ಸಂಬಳ ತಗೊಳ್ತೀರಾ?"

"ಇಲ್ಲ."

"ಹಾಗಾದರೆ ಆಫೀಸಿನ ರೂಲು ನಿಮಗಿಲ್ಲ. ಹೊಸಬರಿಗೆ ಹೇಳೋ ಹಾಗಿಲ್ಲ ಅಂತ ಮೂವತ್ತೇಳು ವರ್ಷದ ನಾನು, ಎರಡು ಸಲ ಕೊಯ್ಯಿಸಿಕೊಂಡ ಮಂಡಿ ಇಟ್ಟುಕೊಂಡು ಇದನ್ನು ಆರಿಸ್ತಾ ಇದ್ದೀನಿ. ಬನ್ನಿ. ಆ ಗೋಲಿನ ಹತ್ತಿರದವು ನಿಮ್ಮವು."

ಹಿಮದ ಬೂಟಿನಲ್ಲೇ ಐಸ್ ಮೇಲೆ ಇಳಿದೆ. ಬಿದ್ದೆ. ಎದ್ದೆ. ಎರಡನೇ ಸಲ ಬಿದ್ದ ಮೇಲೆ ಏಳಲಿಲ್ಲ. ಮೊಣಕಾಲಿನ ಮೇಲೆ ಸಾಗುವುದೇ ಸುಲಭ ಎಂದು ಗೊತ್ತಾಯಿತು.

ಆರಿಸುತ್ತ ಕೇಳಿದೆ, "ಈ ಬಕೆಟ್ಟು ಯಾಕೆ? ದೊಡ್ಡ ಚೀಲ ಇಲ್ಲವೇ?"

"ಇದೆ. ಮೊದಲ ವರ್ಷ ಇರಲಿಲ್ಲ. ಮೊದಲ ವರ್ಷ ಏನೂ ಇರಲಿಲ್ಲ. ಐಸಿನ ಬಾಡಿಗೆ ನಾವೇ ಕೊಡ್ತಿದ್ದೆವು, ಪಕ್ ನಾವೇ ಕೊಂಡಿದ್ದು. ಬೆಳಗ್ಗೆ ಆಟ ಮುಗಿಸಿ ಒಬ್ಬಳು ನರ್ಸ್ ಡ್ಯೂಟಿಗೆ ಓಡಬೇಕು, ಒಬ್ಬಳು ಸ್ಕೂಲ್ ಬಸ್ ಓಡಿಸಬೇಕು. ತಡವಾದರೆ ಕೆಲಸ ಹೋಗುತ್ತೆ. ಕಾಲೇಜಿನಲ್ಲಿದ್ದ ಚಿಕ್ಕವರಿಗೆ ಮಾತ್ರ ಅವಸರ ಇರಲಿಲ್ಲ. ಹಾಗಾಗಿ ಪಕ್ ನಮಗೆ ಬಿತ್ತು. ಆ ನರ್ಸ್ ತನ್ನ ಮಗುವಿನ ಬಕೆಟ್ಟು ತಂದುಕೊಟ್ಟಳು." ಬಕೆಟ್ಟಿನ ಹಿಡಿಕೆಯನ್ನು ತೋರಿಸಿದಳು. ಟೇಪು ಸುತ್ತಿ ಸುತ್ತಿ ಅದು ಕೈಬೆರಳಿನಷ್ಟು ದಪ್ಪಗಾಗಿತ್ತು. "ಅವರು ಒಂದು ಡಾಲರೂ ಕಾಣದೆ ಆಡಿ ನಿಲ್ಲಿಸಿದರು. ನಿಮ್ಮ ಮಗಳಿಗೆ ಇವತ್ತು ಸಂಬಳ ಬರುತ್ತೆ."

"ಗಾಗಲ್ಸ್? ಲೈಫ್ ಜಾಕೆಟ್?"

"ಅದಕ್ಕೆ ಕಾರಣ ಇಲ್ಲ. ನಗೋದಕ್ಕೆ."

ಆಗ ನಾನು ಸಿದ್ಧಪಡಿಸಿಕೊಳ್ಳದ ಮಾತು ಹೇಳಿದೆ. ರವಿಯ ವಿಷಯ. ಹೊರಗಿನ ಯಾರಿಗೂ ಹೇಳಿದವಳಲ್ಲ ನಾನು. ಬೋಳಿಸಿದ ಅರ್ಧ ತಲೆ, ಟ್ರಂಕು, ಅಪ್ಪ.

ಟ್ರೂಡಿ ನಗಲಿಲ್ಲ. ಎಡ ಹುಬ್ಬನ್ನು ಬೆರಳಿನಿಂದ ಮುಟ್ಟಿಕೊಂಡಳು. "ನನ್ನ ಮೊದಲ ವರ್ಷ ಇದನ್ನು ಬೋಳಿಸಿದರು. ಇಬ್ಬರು ಕೈ ಹಿಡಿದುಕೊಂಡಿದ್ದರು. ಕ್ಯಾಪ್ಟನ್ ಆದ ದಿನ ಅದನ್ನು ನಿಲ್ಲಿಸಿದೆ. ಬಕೆಟ್ಟನ್ನು ಇಟ್ಟುಕೊಂಡೆ." ಆಮೇಲೆ, "ನೀವು ಫೋನ್ ಮಾಡಿದ್ದು ತಪ್ಪಲ್ಲ. ಆಫೀಸಿಗಲ್ಲ, ನನಗೆ ಮಾಡಬೇಕಿತ್ತು."

ಅಷ್ಟರಲ್ಲಿ ಒಳಗಿನಿಂದ ಒದ್ದೆ ತಲೆಯ ಹುಡುಗಿಯರು ಒಬ್ಬೊಬ್ಬರಾಗಿ ಹೊರಬಂದರು. ಬೂಟು, ಉಣ್ಣೆಯ ಕೋಟು ತೊಟ್ಟು ಮೊಣಕಾಲಿನ ಮೇಲೆ ನಿಂತ ಐವತ್ತೆರಡರ ಹೆಂಗಸನ್ನು ನೋಡಿ ಸಾಲಾಗಿ ನಿಂತುಬಿಟ್ಟರು.

"ಟ್ರೂಡ್, ಇದ್ಯಾರು?"

"ಹೊಸಬಳು," ಎಂದಳು ಟ್ರೂಡಿ. "ಹೊಸಬರು ಏನು ಮಾಡಬೇಕು?"

"ಹಾಡಬೇಕು!" ಒಬ್ಬಳು ಅದಾಗಲೇ ಹಾಕಿ ಕೋಲನ್ನು ರಿಂಕಿನ ಕಟ್ಟೆಗೆ ಕುಟ್ಟತೊಡಗಿದ್ದಳು.

"ನನಗೆ ಹಾಡು ಬರುವುದಿಲ್ಲ."

"ಇಲ್ಲಿ ಯಾರಿಗೂ ಬರೋದಿಲ್ಲ, ಮೇಡಮ್."

ನನಗೆ ಬಾಯಿಪಾಠವಾಗಿ ಬರುವುದು ಮಗ್ಗಿ ಒಂದೇ. ಹದಿಮೂರರ ಮಗ್ಗಿ ಶುರುಮಾಡಿದೆ. ಹದಿಮೂರೊಂದ್ಲ ಹದಿಮೂರು. ಹದಿಮೂರೆರಡ್ಲ ಇಪ್ಪತ್ತಾರು. ಶಾಲೆಯಲ್ಲಿ ಸಾಲಾಗಿ ನಿಂತು ಹೇಳುವ ರಾಗದಲ್ಲೇ ಬಂತು. ಅವರಿಗೆ ಅದು ಹಾಡೇ ಆಯಿತು. ನನ್ನ ಪ್ರತಿ ಸಾಲಿಗೂ ಕೋಲುಗಳು ಒಟ್ಟಿಗೆ ಬಿದ್ದವು. ಐದು ದಾಟಿದೆ, ಆರು ದಾಟಿದೆ. "ಹದಿಮೂರೇಳ್ಲ..." ನಿಂತುಹೋಯಿತು. ಎಂದೂ ಮರೆಯದ್ದು, ಆ ಎಲ್ಲ ಮುಖಗಳ ಎದುರು ಮರೆಯಿತು.

"ತೊಂಬತ್ತೊಂದು."

ಬಾಗಿಲಲ್ಲಿ ಅನು ನಿಂತಿದ್ದಳು. ಚೀಲ ಹೆಗಲಿನಲ್ಲಿತ್ತು, ಮುಖ ಕೆಂಪಾಗಿತ್ತು. ಎರಡನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಅವಳು ಅತ್ತು ಅತ್ತು ಕಲಿತ ಮಗ್ಗಿ ಅದು. ಅವಳಿಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ.

 ಅವಳು ಚೀಲ ಕೆಳಗಿಟ್ಟು ಷೂನಲ್ಲೇ ಜಾರುತ್ತ ಬಂದಳು. ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಮಾಮ್. ವಾಟ್ ಆರ್ ಯೂ ಡೂಯಿಂಗ್," ಎಂದಳು, ಪ್ರಶ್ನೆಯ ಧ್ವನಿಯೇ ಇಲ್ಲದೆ. ಬಕೆಟ್ಟನ್ನು ಟ್ರೂಡಿಯ ಕೈಯಿಂದ ತೆಗೆದುಕೊಂಡಳು.

"ನಾನೇನೂ ಹೇಳಿಲ್ಲ," ಎಂದಳು ಟ್ರೂಡಿ ಎರಡೂ ಕೈ ಮೇಲೆತ್ತಿ. "ಎಲ್ಲರೂ ಸಾಕ್ಷಿ."

"ಐ ನೋ," ಎಂದಳು ಅನು ಟ್ರೂಡಿಗೆ, ಗೋಲಿನ ಕಡೆ ಹೋಗುತ್ತ. "ನಿನಗೆ ಆರಿಸೋಕೆ ಬರೋದೂ ಇಲ್ಲ, ಮುದುಕಿ. ಅರ್ಧ ಬಿಟ್ಟಿದ್ದೀಯ."

ಆಗ ಎಲ್ಲರೂ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಹಿರಿಯರನ್ನು ಹಾಗೆ ಅನ್ನಬಾರದೆಂದು ಆಮೇಲೆ ಕಾರಿನ ಹತ್ತಿರ ಅವಳಿಗೆ ಹೇಳಿದೆ. ಅವಳು ನನ್ನನ್ನು ಒಂದು ಥರ ನೋಡಿದಳು. ಆದರೆ ರಾತ್ರಿ ಜೊತೆಗೆ ಊಟಕ್ಕೆ ಬಂದಳು.

ಡಿಸೆಂಬರ್ 14, ಭಾನುವಾರ

ಮನೆಗೆ ಬಂದೆ. ಎರಡೂ ಮಂಡಿ ನೀಲಿಗಟ್ಟಿವೆ. "ಏನಾತು?" ಎಂದರು ಗುರುಸಿದ್ದ. ಪಾರ್ಕಿಂಗ್ ಲಾಟಿನಲ್ಲಿ ಜಾರಿದೆ ಎಂದೆ. ಮಗ್ಗಿಯ ಸುದ್ದಿ ಇವರಿಗೆ ತಿಳಿದರೆ ಅರೋರಾದ ಬಾಲಾಜಿ ದೇವಸ್ಥಾನದಲ್ಲಿ ಎಲ್ಲರಿಗೂ ಹೇಳಿಕೊಂಡು ಬರುತ್ತಾರೆ.

ಡಿಸೆಂಬರ್ 30, ಮಂಗಳವಾರ

ಅನುವಿನ ಮೆಸೇಜು: ಉಳಿಸಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು: ಎಲ್ಲರೂ ತನ್ನನ್ನು 'ಥರ್ಟೀನ್' ಎಂದು ಕರೆಯುತ್ತಾರಂತೆ. ಅಭ್ಯಾಸದಲ್ಲಿ ಹಿಂದಿನಿಂದ ಯಾರಾದರೂ ಬಂದರೆ "ಥರ್ಟೀನ್! ಥರ್ಟೀನ್!" ಎಂದು ಗಂಟಲು ಹರಿಯುವಂತೆ ಅರಚುತ್ತಾರಂತೆ. ಅವಳ ಜರ್ಸಿಯ ಸಂಖ್ಯೆ ಇಪ್ಪತ್ತೆರಡು. ನಾಳೆ ಪಂದ್ಯದಲ್ಲಿ ಎದುರಾಳಿಗಳಿಗೆ ಏನೂ ತಿಳಿಯಲಿಕ್ಕಿಲ್ಲವಂತೆ.

ಗುರುಸಿದ್ದ ಪೇಡೆ ತರಲು ಹೋಗಿದ್ದಾರೆ.

ಜನವರಿ 6, ಮಂಗಳವಾರ

ಭಾನು ಎಂಬ ಹೊಸ ರೆಸಿಡೆಂಟ್ ಸರದಿಯ ಮೇಲೆ ಬಂದಿದ್ದಾಳೆ. ಕಪಾಟಿನ ಹಳೆಯ ಟ್ರೇಗಳನ್ನೆಲ್ಲ ಇಳಿಸಿ ಜೋಡಿಸು ಎಂದೆ. 'ನಾನೇ ಯಾಕೆ' ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ, ಮುಖದಲ್ಲಿತ್ತು. ಈ ಲ್ಯಾಬಿನ ಮೊದಲ ಪೆಥಾಲಜಿಸ್ಟ್ ತಾನೇ ಬಣ್ಣ ಹಾಕಿ ಸಿದ್ಧಪಡಿಸಿದ ಸ್ಲೈಡುಗಳು ಅವು. ಮಧ್ಯಾಹ್ನ ನೋಡಿದರೆ ಜೋಡಿಸುವುದನ್ನು ಬಿಟ್ಟು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತ ನಿಂತಿದ್ದಳು. "ಇನ್ನೂ ಮುಗಿದಿಲ್ಲವೇ?" ಎಂದು ಗದರಿದೆ. ಸಂಜೆ ಇಬ್ಬರೂ ಚಹಾ ಕುಡಿದೆವು. ಅವಳ ಊರು ತರೀಕೆರೆ. ಚುರುಕು ಹುಡುಗಿ.

ಜನವರಿ 17, ಶನಿವಾರ

ಹೆರನ್ಸ್ ಇವತ್ತು ಚಿಕಾಗೊ ಹೊರವಲಯಕ್ಕೆ ಆಡಲು ಬಂದಿದ್ದರು. ಅನುವಿನ ಹೆಸರು ಆಡುವವರ ಪಟ್ಟಿಯಲ್ಲಿತ್ತು, ಮೊದಲ ಸಲ. ಲತಾಶ್ರೀ ಲೊಂಬಾರ್ಡ್‌ನಿಂದ ಒಂದು ಕಾರು ಜನರನ್ನು ಕರೆತಂದಿದ್ದಳು. ಗುರುಸಿದ್ದ ಕ್ಯಾಮೆರಾ ಹಿಡಿದು ಕೂತಿದ್ದರು.

ವಾರ್ಮ್-ಅಪ್‌ಗೆ ದೀಪಗಳು ಬದಲಾದವು. ಹೆರನ್ಸ್ ಬಾಗಿಲಿನ ಒಳಗೆ ಎಲ್ಲರೂ ಒತ್ತೊತ್ತಾಗಿ ನಿಂತದ್ದು ಕಾಣುತ್ತಿತ್ತು, ಮುಂದೆ ಇಪ್ಪತ್ತೆರಡು. ಬಾಗಿಲು ತೆರೆಯಿತು. ಅನು ಹಾರಿದಂತೆ ಹೊರಬಂದಳು. ಹಿಂದೆ ಯಾರೂ ಬರಲಿಲ್ಲ. ಟ್ರೂಡಿ ತನ್ನ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತಿದ್ದಳು.

ಕಚೇರಿಯ ಸೂಚನೆ ಈಗಲೂ ಇದೆ. ಅನುವಿಗೆ ಯಾರೂ ಏನನ್ನೂ ಮಾಡಲು ಹೇಳಲಿಲ್ಲ. ಅವರು ಬರಲಿಲ್ಲ, ಅಷ್ಟೆ.

"ಇದ್ಯಾಕ? ಉಳಿದವ್ರೆಲ್ಲಾ ಎಲ್ಲಿ?" ಗುರುಸಿದ್ದ ಅರ್ಧ ಎದ್ದರು. "ನೋಡು, ನೋಡು, ಒಬ್ಬಾಕಿನ್ನೇ ಬಿಟ್ಟಾರ! ಎಲ್ಲಾರೂ ನಗಾಕತ್ತಾರ. ಆಫೀಸಿನ ನಂಬರ್ ಅದ ಅಲ್ಲಾ ನಿನ್ನ ಹತ್ರ?"

ಅವರ ಕೋಟಿನ ತೋಳು ಹಿಡಿದು ಎಳೆದೆ. "ಸುಮ್ಕ ಕೂಡ್ರಿ."

"ಅಲ್ಲಽ, ಹುಡುಗಿ—"

"ಕೂಡ್ರಿ ಅಂದೆ. ನೋಡ್ರಿ."

ಕೂತರು. ಅನು ಮೊದಲ ತಿರುವಿನಲ್ಲಿ ಹಿಂದೆ ನೋಡಿದಳು, ಯಾರೂ ಇಲ್ಲದ್ದು ಕಂಡಿತು. ಆಮೇಲೆ ಹಿಂದೆ ನೋಡಲಿಲ್ಲ. ಬಾಗಿಲಿನ ಒಳಗಿನಿಂದ ಕೋಲುಗಳು ಒಟ್ಟಿಗೆ ಬೀಳತೊಡಗಿದವು. ಆ ಪೆಟ್ಟುಗಳ ಲೆಕ್ಕ ನನಗೆ ಗೊತ್ತಿತ್ತು, ಹದಿಮೂರರ ಮಗ್ಗಿಯದು. ಅಷ್ಟು ದೊಡ್ಡ ಬಿಳುಪಿನ ಮೇಲೆ ಅವಳೊಬ್ಬಳೇ, ಏಳು ವರ್ಷದವಳಿದ್ದಾಗಿನಂತೆ ಎಡಭುಜ ಸ್ವಲ್ಪ ತಗ್ಗಿಸಿಕೊಂಡು.

ಸುತ್ತು ಬಹಳ ಬೇಗ ಮುಗಿಯಿತು. ಅವಳನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು.